ಇದ್ದೂ ಸಿಗದ ಪುಸ್ತಕ

ನನ್ನ ತವರು ಬಂಟ್ವಾಳ, ಗಂಡನ ಮನೆ ಬೆಳ್ತಂಗಡಿ, ಅನ್ನ ಕೊಟ್ಟ ಊರು ಮೂಡುಬಿದಿರೆ. ಈ ಮೂರು ಊರುಗಳ ನಡುವೆ ಓಡಾಡುವ ಬಸ್ಸುಗಳಲ್ಲಿ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಗ್ರಂಥಪಾಲಕಿಯ ಕೆಲಸದಿಂದ ನಿವೃತ್ತಳಾದ ಮೇಲೂ ಒಮ್ಮೊಮ್ಮೆ ಬೆಳಗ್ಗೆ ಎದ್ದು, ಇವತ್ತು ವೇಣೂರಿನ ದಾರಿಯ ಬಸ್ಸು ಸಿಕ್ಕೀತೋ ಇಲ್ಲವೋ ಎಂದು ಗಡಿಬಿಡಿಯಾಗುವುದುಂಟು.

1990ರ ದಶಕದ ಆರಂಭದಲ್ಲಿ ನಾನು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಗೆಂದು ಕೊಣಾಜೆಗೆ ಹೊರಟಾಗ ಬಂಟ್ವಾಳದ ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿ ಕೇಳಿದ್ದರು: "ಪುಸ್ತಕ ತೆಗೆದುಕೊಡ್ಲಿಕ್ಕೆ ಎರಡೆರಡು ಡಿಗ್ರಿ ಬೇಕಾ ಮಗಾ? ಎಂತ ಕಲಿಸ್ತಾರೆ ಅಲ್ಲಿ?"

"ಹುಡುಕಲಿಕ್ಕೆ ಕಲಿಸ್ತಾರೆ ಅಜ್ಜಿ" ಎಂದೆ.

ಅಜ್ಜಿ ನಗಲಿಲ್ಲ. ಸ್ವಲ್ಪ ಹೊತ್ತು ಅಡಕೆ ಹೋಳು ಮಾಡುತ್ತಾ ಇದ್ದು, "ಹುಡುಕಿದ್ರೆ ಸಿಗುವುದುಂಟು, ಸಿಗದೆ ಇರುವುದೂ ಉಂಟು" ಎಂದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. 1974ರ ನೆರೆಯಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಗೆ ನುಗ್ಗಿದಾಗ ನಮ್ಮ ಮನೆಯ ಮರದ ಪೆಟ್ಟಿಗೆಯೊಂದು ನೀರಿನ ಪಾಲಾಯಿತು. ಅದರೊಳಗೆ ಅಜ್ಜಿಯ ಹಾಡಿನ ಪುಸ್ತಕವಿತ್ತು. ಎಣ್ಣೆ ಹಚ್ಚುವಾಗಿನ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಂದು ಬೇರೆ ಬೇರೆ ಮಾಡಿ, ಉದ್ದದ ಲೆಕ್ಕದ ಪುಸ್ತಕದಲ್ಲಿ ಮಸಿಯಲ್ಲಿ ಬರೆದದ್ದು. 1923ರ ದೊಡ್ಡ ನೆರೆಯನ್ನು ಎಳವೆಯಲ್ಲಿ ಕಂಡಿದ್ದ ಅಜ್ಜಿ ಎರಡನೆಯ ನೆರೆಗೆ ಮನೆ ಬಿಡುವಾಗ ಅಕ್ಕಿಯನ್ನು ಅಟ್ಟಕ್ಕೇರಿಸಿದ್ದರು, ಪುಸ್ತಕವನ್ನು ಮರೆತಿದ್ದರು. ನೀರು ಒಯ್ದದ್ದನ್ನು ಯಾವ ಡಿಗ್ರಿಯಿಂದಲೂ ಹುಡುಕಲಾಗದು.

ಆದರೆ ಕಳೆದುಹೋಗುವುದರಲ್ಲಿ ಇನ್ನೊಂದು ಬಗೆ ಉಂಟು. ವಸ್ತು ಇದ್ದಲ್ಲೇ ಇರುತ್ತದೆ, ಗೆದ್ದಲೂ ಮುಟ್ಟಿರುವುದಿಲ್ಲ, ಆದರೂ ಬೇಕಾದವರಿಗೆ ಸಿಗುವುದಿಲ್ಲ. ನಾನು ಕಲಿತ ವಿದ್ಯೆ ಈ ಎರಡನೆಯ ಬಗೆಯದು. ಕಲಿತೂ ನಾನು ಒಮ್ಮೆ ಎಡವಿದೆ. ಆ ಕತೆಯನ್ನೂ, ನನಗಿಂತ ಬಹಳ ಹಿಂದೆ ಮೂಡುಬಿದಿರೆಯಲ್ಲಿ ನಡೆದ ಇನ್ನೊಂದು ಕತೆಯನ್ನೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮಗೊಂದು ಪತ್ರಿಕೆ ಇತ್ತು, ಇನ್‌ಫರ್ಮೇಶನ್ ರಿಟ್ರೀವಲ್ ಎಂದು. ಕನ್ನಡದಲ್ಲಿ ಮಾಹಿತಿ ಪುನಃಪ್ರಾಪ್ತಿ ಎನ್ನುತ್ತಾರೆ. ಇಟ್ಟದ್ದನ್ನು ಬೇಕಾದಾಗ ತಿರುಗಿ ಪಡೆಯುವುದು, ಅಷ್ಟೆ. ಈ ಹೆಸರನ್ನು 1950ರಲ್ಲಿ ಅಮೆರಿಕದ ಕ್ಯಾಲ್ವಿನ್ ಮೂಯರ್ಸ್ ಚಲಾವಣೆಗೆ ತಂದರಂತೆ. ಆಮೇಲೆ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್‌ಡನ್ ಎಂಬ ಗ್ರಂಥಪಾಲಕರು ಯಾವ ಬಗೆಯ ಸೂಚಿಯಿಂದ ಎಷ್ಟು ಸಿಗುತ್ತದೆ ಎಂದು 1960ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದರು. ಅವರ ಅಳತೆಗೋಲು ಎರಡು. ಬೇಕಾದವುಗಳಲ್ಲಿ ಎಷ್ಟು ಪಾಲು ಕೈಗೆ ಬಂತು ಎಂಬುದೊಂದು, ಕೈಗೆ ಬಂದವುಗಳಲ್ಲಿ ಎಷ್ಟು ಪಾಲು ನಿಜಕ್ಕೂ ಬೇಕಾದದ್ದು ಎಂಬುದು ಇನ್ನೊಂದು.

ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ಕಂಡದ್ದು ಮನೆಯ ಜರಡಿ. ಕಣ್ಣು ದೊಡ್ಡದಾದರೆ ಹಿಟ್ಟೆಲ್ಲ ಕೆಳಗಿಳಿಯುತ್ತದೆ, ಜೊತೆಗೆ ತೌಡೂ ಬರುತ್ತದೆ. ಕಣ್ಣು ಸಣ್ಣದಾದರೆ ತೌಡು ಮೇಲೆಯೇ ನಿಲ್ಲುತ್ತದೆ, ಜೊತೆಗೆ ಒಳ್ಳೆಯ ಹಿಟ್ಟೂ ಸ್ವಲ್ಪ ನಿಂತುಬಿಡುತ್ತದೆ. ಅಡುಗೆಮನೆಯಲ್ಲಿ ಮೇಲೆ ನಿಂತದ್ದು ಕಣ್ಣಿಗೆ ಕಾಣುತ್ತದೆ. ಗ್ರಂಥಾಲಯದಲ್ಲಿ ಹಾಗಲ್ಲ, ಸಿಗದೆ ಉಳಿದದ್ದು ಯಾರಿಗೂ ಕಾಣುವುದಿಲ್ಲ.

ಆ ಪತ್ರಿಕೆಯಲ್ಲಿ ಬಂದ ಹೆಸರುಗಳೆಲ್ಲ ಹೆಚ್ಚುಕಡಿಮೆ ಗಂಡಸರದ್ದೇ. ನಡುವೆ ಒಂದು ಹೆಸರು ನನ್ನನ್ನು ಎಚ್ಚರಿಸಿತು, ಕರೆನ್ ಸ್ಪಾರ್ಕ್ ಜೋನ್ಸ್. ಕೇಂಬ್ರಿಜ್‌ನ ಈ ವಿದುಷಿ 1972ರಲ್ಲಿ ಒಂದು ಸರಳ ಮಾತನ್ನು ಲೆಕ್ಕಕ್ಕಿಳಿಸಿದರು: ಎಲ್ಲ ಬರಹಗಳಲ್ಲೂ ಬರುವ ಪದ ಹುಡುಕಾಟಕ್ಕೆ ಹೆಚ್ಚು ಸಹಾಯ ಮಾಡದು, ಅಪರೂಪಕ್ಕೆ ಬರುವ ಪದಕ್ಕೇ ಹೆಚ್ಚು ತೂಕ. ಇಂದು ನಾವು ಮೊಬೈಲಿನಲ್ಲಿ ಏನನ್ನಾದರೂ ಹುಡುಕುವಾಗ ಅದರ ಹಿಂದಿನ ಲೆಕ್ಕಾಚಾರಗಳ ಬೇರಿನಲ್ಲಿ ಈ ಮಾತೂ ಇದೆ. ಆಕೆ 2007ರಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ಅದು ಹೀಗೆ ಅರ್ಥವಾಯಿತು: ಬಂಟ್ವಾಳದ ಪೇಟೆಯಲ್ಲಿ ನಿಂತು 'ಅಕ್ಕಾ' ಎಂದರೆ ಇಪ್ಪತ್ತು ಮಂದಿ ತಿರುಗಿ ನೋಡುತ್ತಾರೆ, ಹೆಸರು ಹಿಡಿದು ಕರೆದರೆ ಒಬ್ಬಳೇ ತಿರುಗುತ್ತಾಳೆ.

ಅದೇ 1972ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಎಸ್. ಆರ್. ರಂಗನಾಥನ್ ತೀರಿಕೊಂಡರು. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಅವರೇ ಮೂಲಪುರುಷ. ಅವರು ಗಣಿತದ ಅಧ್ಯಾಪಕರಾಗಿ 1917ರಲ್ಲಿ ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ ಎಂದು ಓದಿದಾಗ ನಮ್ಮ ನೆರೆಮನೆಯವರೇ ಎನ್ನುವಷ್ಟು ಸಂತೋಷವಾಗಿತ್ತು. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ಕಂಡರಂತೆ. ಅವೇ ಕೆಲವು ಪಟ್ಟಿ, ತಿರುಪುಗಳಿಂದ ಬೇರೆ ಬೇರೆ ಗೊಂಬೆ ಕಟ್ಟುವ ಆಟ. ಒಂದು ವಿಷಯವನ್ನೂ ಹೀಗೆ ಬಿಡಿ ಭಾಗಗಳಾಗಿ ನೋಡಿ ಜೋಡಿಸಬಹುದಲ್ಲ ಎಂಬ ಯೋಚನೆ ಅಲ್ಲಿ ಹೊಳೆದು, 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. ಯಾವುದರ ಬಗ್ಗೆ, ಯಾವ ಪದಾರ್ಥ, ಯಾವ ಕ್ರಿಯೆ, ಎಲ್ಲಿ, ಯಾವಾಗ ಎಂದು ಐದು ಮುಖಗಳಿಂದ ಪುಸ್ತಕವನ್ನು ಗುರುತಿಸುವ ಕ್ರಮ. 'ಯಾರು ಹಾಡುವುದು, ಯಾವ ಕಾರ್ಯಕ್ಕೆ, ಯಾವ ಹೊತ್ತಿನಲ್ಲಿ' ಎಂದು ಹಾಡನ್ನು ವಿಂಗಡಿಸಿದ ಅಜ್ಜಿಯ ನೆನಪು ನನಗೆ ಬಾರದಿರಲು ಹೇಗೆ ಸಾಧ್ಯ?

ಕಂಪ್ಯೂಟರಿನ ಅಭ್ಯಾಸಕ್ಕೆ ನಮಗೆ ಯುನೆಸ್ಕೋದವರು ಉಚಿತವಾಗಿ ಹಂಚುತ್ತಿದ್ದ ಸಿಡಿಎಸ್-ಐಸಿಸ್ ಎಂಬ ತಂತ್ರಾಂಶವಿತ್ತು. ಪ್ರತಿ ಪದವನ್ನೂ ಅಕಾರಾದಿಯಲ್ಲಿ ಇಟ್ಟುಕೊಂಡು, ಅದು ಯಾವ ಯಾವ ದಾಖಲೆಯಲ್ಲಿದೆ ಎಂದು ಹೇಳುವ ಯಂತ್ರದ ಸೂಚಿ. ನಮ್ಮ ಕೋಣೆಯ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ, ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿದೆವು. ಒಬ್ಬಳು ಮೂಡಬಿದ್ರಿ ಎಂದಳು, ಇನ್ನೊಬ್ಬಳು ಮೂಡುಬಿದಿರೆ. ತುಳುವಿನಲ್ಲಿ ಅದು ಬೆದ್ರ, ಹಳೆಯ ಗ್ರಂಥಗಳಲ್ಲಿ ವೇಣುಪುರ. ಯಂತ್ರಕ್ಕೆ ಇವು ನಾಲ್ಕು ಊರು. ನಾಲ್ಕೂ ಒಂದೇ ಎಂದು ತಿಳಿಸುವ ಕೆಲಸ ಗ್ರಂಥಪಾಲಕರದ್ದು, 'ಇದನ್ನೂ ನೋಡಿ' ಎಂಬ ಒಂದು ಸಣ್ಣ ಚೀಟಿಯ ಕೆಲಸ. ಪರೀಕ್ಷೆಯಲ್ಲಿ ಇದನ್ನು ನಾನು ಚೆನ್ನಾಗಿಯೇ ಬರೆದಿದ್ದೆ.

ಇನ್ನು ನನ್ನ ತಪ್ಪಿನ ಕತೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಮಳೆಗಾಲದ ಮಧ್ಯಾಹ್ನ ಅರುವತ್ತು ದಾಟಿದ ಒಬ್ಬರು ಗ್ರಂಥಾಲಯಕ್ಕೆ ಬಂದರು. ವೇಣೂರಿನಿಂದಾಚೆ, ಬೆಳ್ತಂಗಡಿಯ ಕಡೆಯವರು. ಕೊಡೆಯನ್ನು ಬಾಗಿಲಲ್ಲೇ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದರು: "ಹಳೆಯ ಒಂದು ಸ್ಮರಣ ಸಂಚಿಕೆಯಲ್ಲಿ ನನ್ನ ಅಮ್ಮ ಬರೆದ ಲೇಖನ ಉಂಟಂತೆ. ಅಮ್ಮ ಬರೆದದ್ದು ಅದೊಂದೇ. ನಾನು ನೋಡಿಲ್ಲ. ಇಲ್ಲಿ ಸಿಗಬಹುದು ಅಂತ ಒಬ್ಬರು ಹೇಳಿದ್ರು."

ಸಂಚಿಕೆಯ ಹೆಸರು ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಅಮ್ಮನ ಹೆಸರು ಹೇಳಿದರು. ನಾನು ಕಾರ್ಡಿನ ಡ್ರಾಯರು ಎಳೆದು ಲೇಖಕರ ವಿಭಾಗದಲ್ಲಿ ನೋಡಿದೆ. ಶೀರ್ಷಿಕೆಯಲ್ಲಿ ಅವರು ಹೇಳಿದ ಎರಡು ಪದಗಳನ್ನು ಹಿಡಿದು ನೋಡಿದೆ. "ಇಲ್ಲಮ್ಮ" ಎಂದೆ. ಅವರು ಒಂದು ಕ್ಷಣ ಡ್ರಾಯರನ್ನೇ ನೋಡಿ, "ಇಲ್ಲದಿದ್ರೆ ಎಂತ ಮಾಡುವುದು, ಬಸ್ಸಿಗೆ ಹೊತ್ತಾಯ್ತು" ಎಂದು ಕೊಡೆ ತೆಗೆದುಕೊಂಡು ಹೋದರು. ಅವರ ವಿಳಾಸ ಬರೆದಿಟ್ಟುಕೊಳ್ಳಬೇಕೆಂದು ನನಗೆ ತೋರಲಿಲ್ಲ.

ಏಳೆಂಟು ತಿಂಗಳ ಮೇಲೆ ವರ್ಷದ ಪುಸ್ತಕ ತಪಾಸಣೆ ಮಾಡುವಾಗ ಕೆಳಗಿನ ಸಾಲಿನಲ್ಲಿ ಆ ಸಂಚಿಕೆ ನನ್ನ ಕೈಗೆ ಬಂತು. ಅದರ ಶೀರ್ಷಿಕೆ 'ಶ್ರೀ' ಎಂದು ಆರಂಭವಾಗುತ್ತಿತ್ತು, ಕಾರ್ಡು ಶಕಾರದಲ್ಲಿ ಕುಳಿತಿತ್ತು. ಸಂಪಾದಕರ ಹೆಸರಿಗೆ ಕಾರ್ಡು ಇತ್ತು, ಒಳಗಿನ ಲೇಖಕರಿಗೆ ಇರಲಿಲ್ಲ. ಇದ್ದಿದ್ದರೂ ನನಗೆ ಸಿಗುತ್ತಿರಲಿಲ್ಲವೋ ಏನೋ, ಏಕೆಂದರೆ ಲೇಖನದ ಕೆಳಗೆ 'ಶ್ರೀಮತಿ' ಎಂದು ಹಾಕಿ ಗಂಡನ ಹೆಸರನ್ನಷ್ಟೇ ಅಚ್ಚು ಮಾಡಿದ್ದರು. ಮನೆತನದ ಹೆಸರು, ಊರು ಎಲ್ಲ ಹೊಂದುತ್ತಿತ್ತು. ಎರಡೂವರೆ ಪುಟದ ಬರಹ, ಬಾಣಂತಿ ಆರೈಕೆಯ ಮದ್ದುಗಳ ಬಗ್ಗೆ. ನಿಂತಲ್ಲೇ ಓದಿದೆ. ಆ ಕಡೆಯ ಬಸ್ಸಿನ ಕಂಡಕ್ಟರರಲ್ಲಿ, ಗುರುವಾಯನಕೆರೆಯ ಪರಿಚಯದವರಲ್ಲಿ ವಿಚಾರಿಸಿದೆ. ನಮ್ಮ ಅತ್ತೆ ಬೆಳ್ತಂಗಡಿಯ ಎಷ್ಟೋ ಮನೆಗಳಿಗೆ ಹೇಳಿ ಕಳಿಸಿದರು. ಅವರು ಮತ್ತೆ ಸಿಗಲಿಲ್ಲ.

'ಇಲ್ಲ' ಎನ್ನುವುದಕ್ಕೂ 'ನನಗೆ ಸಿಗಲಿಲ್ಲ' ಎನ್ನುವುದಕ್ಕೂ ಎಷ್ಟು ವ್ಯತ್ಯಾಸವೆಂದು ನಾನು ಕಲಿತದ್ದು ತರಗತಿಯಲ್ಲಲ್ಲ, ಆ ದಿನ.

ಆ ಬೇಸರದಲ್ಲೇ ನಾನು ಮೂಡುಬಿದಿರೆಯ ಗ್ರಂಥಗಳ ಇತಿಹಾಸವನ್ನು ಓದಲು ಹಿಡಿದೆ. ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಬಹಳ ಮಂದಿ. ಹತ್ತಿರದ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರು ಏಕೆ ಬಂತೆಂದು ಕೇಳುವವರು ಕಡಮೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ದಿಗಂಬರ ಜೈನರ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿ. ಪುಷ್ಪದಂತ, ಭೂತಬಲಿ ಎಂಬ ಮುನಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಲಾ, ಸುಮಾರು 72,000 ಶ್ಲೋಕ ಪ್ರಮಾಣದ್ದು. ಗುಣಧರರ ಕಷಾಯಪಾಹುಡಕ್ಕೆ ವೀರಸೇನರು ತೊಡಗಿ ಅವರ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ಟೀಕೆ ಜಯಧವಲಾ. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವನ್ನೇ ಮಹಾಧವಲಾ ಎನ್ನುತ್ತಾರೆ. ಭಾಷೆ ಪ್ರಾಕೃತ, ಸಂಸ್ಕೃತ; ಲಿಪಿ ಮಾತ್ರ ನಮ್ಮ ಹಳಗನ್ನಡದ್ದು.

ಯಾತ್ರಿಕರು ದೂರದಿಂದ ಬಂದು ಈ ಗ್ರಂಥಗಳಿಗೆ ಕೈಮುಗಿಯುತ್ತಿದ್ದರು. ಸಿದ್ಧಾಂತ ದರ್ಶನ ಎಂದೇ ಅದಕ್ಕೆ ಹೆಸರು. ಓದುವವರು ಇಲ್ಲವೆನ್ನುವಷ್ಟು ಕಡಮೆ. ಉತ್ತರದ ಪಂಡಿತರಿಗೆ ಅವುಗಳ ಹೆಸರು ಗೊತ್ತು, ಒಳಗೇನಿದೆ ಎಂದು ಗೊತ್ತಿಲ್ಲ. ಕಾಪಾಡಿದವರನ್ನು ನಾನು ಹಳಿಯುವುದಿಲ್ಲ. ಅಷ್ಟು ಮಳೆ, ಅಷ್ಟು ಹುಳುಹುಪ್ಪಟೆಯ ಈ ಸೀಮೆಯಲ್ಲಿ ಗರಿಗಳು ಉಳಿದದ್ದೇ ಅವರ ಭಕ್ತಿಯಿಂದ. ಆದರೆ ಉಳಿಯುವುದು ಒಂದು, ದೊರೆಯುವುದು ಇನ್ನೊಂದು.

ಮುಂಬಯಿ, ಸೊಲ್ಲಾಪುರದ ಶ್ರಾವಕರು ಹಣ ಕೂಡಿಸಿ ಪ್ರತಿ ಮಾಡಿಸುವ ಕೆಲಸ 1896ರ ಸುಮಾರಿಗೆ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಮೊದಲಾದವರು ಗರಿ ನೋಡಿ ಕಾಗದಕ್ಕೆ ಇಳಿಸತೊಡಗಿದರು. ಮೂರೂ ಗ್ರಂಥಗಳ ಕೆಲಸ ಪೂರ್ತಿಯಾಗುವಾಗ 1922 ಆಗಿತ್ತು, ಕಾಲು ಶತಮಾನ! ಪ್ರತಿಗಳು ಊರು ಬಿಟ್ಟು ಹೊರಗೆ ಹೋಗಬಾರದೆಂಬ ಕಟ್ಟುಪಾಡಿತ್ತು. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಈ ಗುಟ್ಟಿನ ಕೆಲಸದಲ್ಲಿ ಅವರಿಗೆ ಕೈಜೋಡಿಸಿದವರು ಅವರ ಹೆಂಡತಿ, ವಿದ್ಯಾವಂತೆ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನ್‌ಪುರಕ್ಕೆ ಹೋಯಿತು, ಅಲ್ಲಿ ನಾಗರಿ ಲಿಪಿಗೆ ಇಳಿಯಿತು, ಅದರಿಂದ ಮತ್ತೆ ಪ್ರತಿಗಳಾದವು. ಅಂಥ ಪ್ರತಿಗಳನ್ನು ಆಧರಿಸಿ ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟಗಳು ಬಂದವು. ಗುಟ್ಟಾಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಪಂಡಿತರು ಚರ್ಚಿಸಲಿ. ಮನೆಯ ಕೆಲಸ ಮುಗಿಸಿ, ಅಷ್ಟು ದೊಡ್ಡ ಗ್ರಂಥದ ಮುಂದೆ ಕುಳಿತ ಆ ಲಕ್ಷ್ಮೀಬಾಯಿಯ ಬೆರಳುಗಳನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ.

ಇನ್ನೂ ಹಿಂದಕ್ಕೆ ಹೋದರೆ ಮತ್ತಿಬ್ಬರು ಹೆಂಗಸರು ಸಿಗುತ್ತಾರೆ. ಹಳೆಯ ಗ್ರಂಥಗಳ ಕೊನೆಯಲ್ಲಿ ಪ್ರಶಸ್ತಿ ಎಂಬ ಭಾಗವಿರುತ್ತದೆ. ಯಾರು ಬರೆಸಿದರು, ಯಾರಿಗೆ ಕೊಟ್ಟರು ಎಂಬ ಒಕ್ಕಣೆ. ಧವಲಾದ ಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕನ ಹೆಸರಿದೆ. ಭುಜಬಲ ಗಂಗ ಪೆರ್ಮಾಡಿಯ ಅತ್ತೆಯಾದ ಆಕೆ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಅದನ್ನು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಕೊಟ್ಟಳು. ಮಹಾಬಂಧದ ಪ್ರತಿಯನ್ನು ಬರೆಸಿದವಳು ಶಾಂತಿಸೇನ ರಾಜನ ಹೆಂಡತಿ ಮಲ್ಲಿಕಬ್ಬೆ, ಅದೂ ಪಂಚಮಿ ವ್ರತದ ಉದ್ಯಾಪನೆಗೇ, ಮಾಘನಂದಿ ಮುನಿಗಳಿಗೆ. ನಾವು ವ್ರತ ಮುಗಿಸಿ ಮುತ್ತೈದೆಯರಿಗೆ ಬಾಗಿನ ಕೊಡುತ್ತೇವೆ, ಇವರು ಕೊಟ್ಟ ಬಾಗಿನ ತಾಳೆಗರಿಯ ಗ್ರಂಥ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯನ್ನು ಶಾಲೆಯ ಪಾಠದಲ್ಲಿ ಓದಿದ್ದೇವೆ. ದೇಮಿಯಕ್ಕ, ಮಲ್ಲಿಕಬ್ಬೆಯರನ್ನು ಎಷ್ಟು ಮಂದಿ ಕೇಳಿದ್ದೇವೆ?

ಕೇಳದಿರಲು ಕಾರಣವನ್ನು ನನ್ನ ವೃತ್ತಿಯವಳಾಗಿ ನಾನು ಹೇಳಬಲ್ಲೆ. ನಮ್ಮ ಕಾರ್ಡುಗಳಲ್ಲಿ ಲೇಖಕರಿಗೆ ಜಾಗವಿತ್ತು, ಶೀರ್ಷಿಕೆಗೆ, ವಿಷಯಕ್ಕೆ ಜಾಗವಿತ್ತು. ಬರೆಸಿದವಳಿಗೆ ಇರಲಿಲ್ಲ. ಟೀಕಾಕಾರರ ಹೆಸರು ಹಿಡಿದು ಹೋದವರಿಗೆ ಧವಲಾ ಸಿಗುತ್ತದೆ. ದೇಮಿಯಕ್ಕನ ಹೆಸರು ಹಿಡಿದು ಹೋದವರಿಗೆ 'ಇಲ್ಲಮ್ಮ' ಎಂದೇ ನಾನು ಹೇಳುತ್ತಿದ್ದೆ. ಸ್ಪಾರ್ಕ್ ಜೋನ್ಸ್ ಲೆಕ್ಕದಲ್ಲಿ ನೋಡಿದರೆ ಮೂಡುಬಿದಿರೆಯ ಭಂಡಾರದಲ್ಲಿ 'ಜಿನ' ಎಂಬ ಪದಕ್ಕೆ ತೂಕ ಕಡಮೆ, ಅದು ಎಲ್ಲ ಕಡೆಯೂ ಉಂಟು. 'ದೇಮಿಯಕ್ಕ' ಎಂಬ ಪದಕ್ಕೇ ತೂಕ ಹೆಚ್ಚು. ಆದರೆ ತೂಗುವ ಮೊದಲು ಆ ಪದ ಸೂಚಿಯೊಳಗೆ ಬಂದಿರಬೇಕಲ್ಲ?

ಈ ಸೀಮೆಯ ಗರಿಗಳಿಗೆ ಸೂಚಿ ಮಾಡಿದ ಪುಣ್ಯಾತ್ಮರು ಕೆ. ಭುಜಬಲಿ ಶಾಸ್ತ್ರಿಗಳು. ಬಿಹಾರದ ಆರಾ ಎಂಬಲ್ಲಿನ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಗಳ ನಡುವೆ ವರ್ಷಗಟ್ಟಲೆ ದುಡಿದವರು. ಪ್ರಶಸ್ತಿಗಳನ್ನೇ ಒಟ್ಟುಮಾಡಿದ ಪುಸ್ತಕವನ್ನೂ ಅವರು ಅಲ್ಲಿಂದ ಹೊರತಂದಿದ್ದರು. ಮೂಡುಬಿದಿರೆಯ ಮಠ, ಬಸದಿ, ಭವನಗಳಲ್ಲಿ, ಕಾರ್ಕಳದ ಮಠದಲ್ಲಿ, ಅಳಿಯೂರಿನಲ್ಲಿ ಇದ್ದ ತಾಳೆಗರಿಗಳನ್ನು ಕಟ್ಟು ಬಿಚ್ಚಿ ನೋಡಿ ಅವರು ಸಿದ್ಧಪಡಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ನಮ್ಮ ಊರಿನ ಗ್ರಂಥಗಳ ಪಟ್ಟಿ, ಆದರೆ ಹಿಂದಿಯಲ್ಲಿ. ನಾನು ಅದನ್ನು ಮೊದಲು ಬಿಡಿಸಿದ ದಿನ ಶಾಲೆಯಲ್ಲಿ ಕಲಿತ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ಓದಿದೆ. ಗ್ರಂಥದ ಕಟ್ಟನ್ನು ಯಾರಾದರೂ ಒಮ್ಮೆ ಬಿಚ್ಚಿ, ಓದಿ, ಎರಡು ಸಾಲು ಬರೆದಿಟ್ಟರೆ ಮಾತ್ರ ಅದು ಇನ್ನೊಬ್ಬರಿಗೆ ಇದೆ ಎಂದಾಗುತ್ತದೆ.

ಜೈನ ಗ್ರಂಥಗಳದ್ದು ಮಾತ್ರ ಈ ಕತೆಯಲ್ಲ. ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ, ಅದು ಬಾಯಿಮಾತಿನ ಭಾಷೆ ಎಂದು ಬಹುಕಾಲ ಹೇಳಿಕೊಂಡು ಬಂದೆವು. ಕಾಸರಗೋಡಿನ ಕಡೆಯ ವೆಂಕಟರಾಜ ಪುಣಿಂಚತ್ತಾಯರು ಮನೆಮನೆ ತಿರುಗಿ ಓಲೆ ಹುಡುಕಿದ ಮೇಲೆ 1980ರ ದಶಕದಲ್ಲಿ ತುಳುವಿನ 'ಶ್ರೀ ಭಾಗವತೊ' ಅಚ್ಚಾಗಿ ಬಂತು. ಅಲ್ಲಿಯವರೆಗಿನ 'ಇಲ್ಲ'ವೂ ನನ್ನ 'ಇಲ್ಲಮ್ಮ'ನಂಥದ್ದೇ.

ಇದನ್ನೆಲ್ಲ ತಿಳಿದ ಮೇಲೆ ನಾನು ದೊಡ್ಡದೇನನ್ನೂ ಮಾಡಲಿಲ್ಲ. ಚಪ್ಪಲಿಯ ಪೆಟ್ಟಿಗೆಯೊಂದರಲ್ಲಿ ಬೇರೆಯೇ ಕಾರ್ಡುಗಳನ್ನು ಇಡತೊಡಗಿದೆ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಶಾಲೆಯ ವಾರ್ಷಿಕ ಸಂಚಿಕೆಗಳನ್ನು ಬಿಡಿಸಿ, ಒಳಗೆ ಬರೆದ ಹೆಂಗಸರ ಹೆಸರಿಗೊಂದು ಕಾರ್ಡು. ಗಂಡನ ಹೆಸರಲ್ಲಿ ಅಚ್ಚಾಗಿದ್ದರೆ ಸ್ವಂತ ಹೆಸರು ವಿಚಾರಿಸಿ ಅದಕ್ಕೊಂದು, ತವರಿನ ಹೆಸರಿಗೊಂದು, 'ಇದನ್ನೂ ನೋಡಿ' ಎಂದು. ಮನೆಗೆ ಬಂದವರಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತವರಲ್ಲಿ ಕೇಳಿ ತಿಳಿದುಕೊಂಡ ಹೆಸರುಗಳು ಅದರಲ್ಲಿ ಬಹಳ ಇವೆ. ಮೊದಲ ಕಾರ್ಡು ಬಾಣಂತಿ ಮದ್ದಿನ ಲೇಖನದ್ದು. ನಿವೃತ್ತಳಾಗುವಾಗ ಒಂದು ಪೆಟ್ಟಿಗೆ ನಾಲ್ಕಾಗಿತ್ತು. ನನ್ನ ನಂತರ ಬಂದ ಹುಡುಗಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದಾಳೆ, ಈಗ ಕನ್ನಡ ಅಕ್ಷರದಲ್ಲೇ.

ಬೆಳ್ತಂಗಡಿಗೆ ಹೋಗುವ ಬಸ್ಸು ವೇಣೂರನ್ನು ಹಾದು ಹೋಗುತ್ತದೆ. ತಿಮ್ಮಣ್ಣ ಅಜಿಲ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಊರು. ಅಲ್ಲೇ ಅಕ್ಕಂಗಳ ಬಸದಿ ಎಂದೊಂದಿದೆ. ಅಕ್ಕಂದಿರು ಹೆಸರಿನಲ್ಲೇ ಇರುವುದರಿಂದ ಅವರನ್ನು ಮರೆಯಲು ಊರಿಗೆ ಸಾಧ್ಯವಾಗಿಲ್ಲ. ವೇಣೂರಿನಲ್ಲಿ ಬಸ್ಸು ನಿಂತಾಗ ಹತ್ತುವವರ ಮುಖವನ್ನು ನಾನು ಇಂದಿಗೂ ನೋಡುತ್ತೇನೆ. ಅವರು ಇದ್ದರೆ ಈಗ ತೊಂಬತ್ತರ ಹತ್ತಿರ. ಆ ಎರಡೂವರೆ ಪುಟಗಳ ನೆರಳಚ್ಚು ನನ್ನ ಚೀಲದ ಒಳಗಿನ ಜೇಬಿನಲ್ಲಿದೆ.

ಇದನ್ನು ಓದುವ ನಿಮ್ಮ ಮನೆಯಲ್ಲೂ ಒಂದು ಹಾಡಿನ ಪುಸ್ತಕವೋ ಅಡುಗೆ ಬರೆದಿಟ್ಟ ನೋಟು ಪುಸ್ತಕವೋ ಇರಬಹುದು. ಅದರ ಮೊದಲ ಪುಟದಲ್ಲಿ ಬರೆದವರ ಸ್ವಂತ ಹೆಸರು, ತವರು, ವರ್ಷ ಇಷ್ಟನ್ನು ಇವತ್ತೇ ಬರೆದಿಡಿ. ಮಳೆಗಾಲಕ್ಕೆ ಮೊದಲು ಅಟ್ಟಕ್ಕೇರಿಸಿ.